ಮಗಳಿಗೆ ಶೀತ-ಜ್ವರವೇ ಬರಲ್ಲ, ಆದರೂ ಬಿಳಿ ರಕ್ತಕಣ ಕಡಿಮೆ ಯಾಕೆ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಾವು ಬಸವನಗುಡಿಯವರು. ಮಗಳಿಗೆ 19. ಒಂದೂವರೆ ವರ್ಷದಿಂದ ಊಟ ಬಿಡುತ್ತಾ ಬಂದು ಬಟ್ಟೆಯೆಲ್ಲ ಜೋತಾಡುತ್ತೆ, ಅನೊರೆಕ್ಸಿಯಾ (ದಪ್ಪ ಆಗ್ತೀನೆಂಬ ಭಯಕ್ಕೆ ಊಟ ಬಿಡುವ ಮನಸ್ಸಿನ ಕಾಯಿಲೆ) ಅಂದಿದ್ದಾರೆ. ಈ ಮಳೆಗಾಲದಲ್ಲಿ ಮನೆಯವರೆಲ್ಲ ನೆಗಡಿ-ಜ್ವರ ಅಂತ ಮಲಗಿದ್ವಿ, ಇವಳು ಒಂದು ಸೀನೂ ಸೀನಲಿಲ್ಲ. "ನೋಡಮ್ಮ, ನಿಮಗಿಂತ ನಾನೇ ಗಟ್ಟಿ" ಅಂತಾಳೆ. ರಕ್ತಪರೀಕ್ಷೆಯಲ್ಲಿ ಮಾತ್ರ ಬಿಳಿಕಣ 2,900. ಅಮೃತಬಳ್ಳಿ ಕಷಾಯ ಕೊಡ್ಲಾ?

ಉತ್ತರ: ಕಷಾಯ ಬೇಡಮ್ಮ. ಅಮೃತಬಳ್ಳಿಯಿಂದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದು ವರದಿಯಾಗಿದೆ. ಊಟವಿಲ್ಲದ ಮೈಯಲ್ಲಿ ಲಿವರ್ ಮೊದಲೇ ಸೋತಿರಬಹುದು.

ಬಿಳಿಕಣ ಸಾಮಾನ್ಯವಾಗಿ 4,000ದಿಂದ 11,000 ಇರಬೇಕು. ಅವು ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ತೀರಾ ಸೊರಗಿದವರಲ್ಲಿ ಅಲ್ಲಿನ ಕೊಬ್ಬೂ ಕರಗಿ, ಆ ಜಾಗದಲ್ಲಿ ಲೋಳೆಯಂಥ ಪದಾರ್ಥ ತುಂಬಿಕೊಳ್ಳುತ್ತೆ, ಬಿಳಿಕಣ ಹುಟ್ಟೋದು ಕಡಿಮೆಯಾಗುತ್ತೆ. ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನೂ ಇಳಿಯೋದ್ರಿಂದ ಸೋಂಕಿನ ಜೊತೆ ಹೋರಾಡುವ ಟಿ-ಕಣಗಳು ಮಂಕಾಗುತ್ತವೆ.

ನೆಗಡಿ ಬರದಿರೋದು ವಿಚಿತ್ರವೇ. ಅನೊರೆಕ್ಸಿಯಾ ಇರುವ ಹಲವರಲ್ಲಿ, ಕಾಯಿಲೆ ವಿಪರೀತಕ್ಕೆ ಹೋಗುವವರೆಗೂ, ವೈದ್ಯರು ಇದನ್ನು ಕಂಡಿದ್ದಾರೆ. ಅದನ್ನು ಗಟ್ಟಿತನ ಅಂತ ಓದಬೇಡಿ. ಮೈಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಬೇಕಾದ್ರೆ ದೇಹ ಶೇ. 10ಕ್ಕೂ ಹೆಚ್ಚು ಶಕ್ತಿ ಸುಡಬೇಕು. ಒಲೆಗೆ ಸೌದೆಯೇ ಇಲ್ಲದಿದ್ರೆ ಜ್ವರ ಎಲ್ಲಿಂದ ಬರುತ್ತೆ? ನನಗೆ ಭಯ ಇರೋದೇ ಇಲ್ಲಿ. ನ್ಯುಮೋನಿಯಾ ಆದರೂ ಮೈ ತಣ್ಣಗೇ ಇರಬಹುದು, ಓಡಬೇಕಾದ ನಾಡಿ ನಿಧಾನಕ್ಕೇ ಹೊಡೀಬಹುದು. ಕ್ಷಯ ಇದ್ದರೂ ಚರ್ಮಕ್ಕೆ ಚುಚ್ಚಿ ನೋಡುವ ಮ್ಯಾಂಟೂ ಪರೀಕ್ಷೆ "ಇಲ್ಲ" ಅಂದುಬಿಡಬಹುದು.

ಪ್ರಶ್ನೆ: ಹಾಗಾದ್ರೆ ಮುದ್ದೆ, ತುಪ್ಪ, ಮೊಟ್ಟೆ ಅಂತ ಒಂದು ವಾರ ಚೆನ್ನಾಗಿ ತಿನ್ನಿಸಿಬಿಡ್ಲಾ?

ಉತ್ತರ: ಅವಸರ ಮಾಡ್ಬೇಡಿ, ನಿಮ್ಮ ಸಂಕಟ ಅರ್ಥವಾಗುತ್ತೆ. ಬಹಳ ದಿನ ಹಸಿದ ಮೈಗೆ ದಿಢೀರನೆ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ಫಾಸ್ಫೇಟ್ ಇಳಿದ್ರೆ ಇರುವ ಬಿಳಿಕಣವೂ ಸರಿಯಾಗಿ ಕೆಲಸ ಮಾಡಲ್ಲ. ಮೊದಲೆರಡು ವಾರ ವೈದ್ಯರ ಕಣ್ಣೆದುರು, ಪದೇ ಪದೇ ರಕ್ತ ನೋಡಿಕೊಂಡು ಊಟ ಏರಿಸಬೇಕು. ಮನಸ್ಸಿನ ಚಿಕಿತ್ಸೆಗೆ ಇಲ್ಲೇ ನಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತೂಕ ಏರಿದಂತೆ ಬಿಳಿಕಣ ಸಾಮಾನ್ಯವಾಗಿ ತಾನೇ ಏರುತ್ತೆ, ಅದಕ್ಕೆ ಬೇರೆ ಟಾನಿಕ್ ಬೇಕಿಲ್ಲ.

ಪ್ರಶ್ನೆ: ದಿನಾ ಥರ್ಮಾಮೀಟರ್ ಇಡ್ತೀನಿ ಡಾಕ್ಟ್ರೇ, ಸಾಕಲ್ವಾ?

ಉತ್ತರ: ಇಡಿ, ಆದ್ರೆ ಅದೊಂದನ್ನೇ ನಂಬಬೇಡಿ. ಕೆಮ್ಮು, ಏದುಸಿರು, ವಿಪರೀತ ಮಂಪರು, ಐಸಿನಂಥ ಕೈಕಾಲು, ತಲೆಸುತ್ತಿ ಬೀಳೋದು ಕಂಡ್ರೆ ಜ್ವರ ಇರಲಿ ಬಿಡಲಿ, ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬಿಳಿಕಣ ಕಡಿಮೆ ಅನ್ನೋದನ್ನ ಅಲ್ಲಿ ಮೊದಲೇ ಹೇಳಿ.