ಗಾರ್ಮೆಂಟ್ಸ್ ಕೆಲಸ ಹೋದವರಿಗೆ ಇಎಸ್‌ಐನಿಂದ ಅರ್ಧ ಸಂಬಳ ಸಿಗತ್ತಂತೆ, ನಿಜಾನಾ?

ಮಾಗಡಿರೋಡ್_ಹುಡ್ಗ (ಡಿಸೆಂಬರ್ 2020):
ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಪೀಣ್ಯದಲ್ಲಿ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ಲು, ನಾಲ್ಕು ವರ್ಷದ ಮೇಲಾಗಿತ್ತು ಸೇರಿ. ಮಾರ್ಚ್‌ನಲ್ಲಿ ಲಾಕ್‌ಡೌನ್ ಅಂತ ಮನೇಲಿರಿ ಅಂದ್ರು, ಮೇ ಕೊನೇಲಿ ವಾಪಸ್ ಹೋದ್ರೆ ಆರ್ಡರ್ ಕ್ಯಾನ್ಸಲ್ ಆಗಿದೆ ಈ ಲೈನ್ ಮುಚ್ತಾ ಇದೀವಿ ಅಂತ ಹೇಳಿ ಒಂದು ಇಂಗ್ಲಿಷ್ ಪೇಪರ್‌ಗೆ ಸೈನ್ ಹಾಕಿಸ್ಕೊಂಡು ಕಳಿಸಿಬಿಟ್ರು. ಸಂಬಳ ಹತ್ತು ಸಾವಿರದ ಹತ್ರ ಬರ್ತಿತ್ತು, ಸ್ಲಿಪ್‌ನಲ್ಲಿ ಇಎಸ್‌ಐ ಅಂತ, ಅದೇ ಕಾರ್ಮಿಕರ ಸರ್ಕಾರಿ ವಿಮೆಗೆ, ತಿಂಗಳಿಗೆ 75 ರೂಪಾಯಿ ಹಿಡೀತಿದ್ರು. ಈಗ ಯಾರೋ ಹೇಳಿದ್ರು ಇಎಸ್‌ಐನವರೇ ಮೂರು ತಿಂಗಳು ಅರ್ಧ ಸಂಬಳ ಕೊಡ್ತಾರೆ ಅಂತ. ನಿಜಾನಾ? ಫ್ಯಾಕ್ಟರಿಯವರ ಹತ್ರ ಲೆಟರ್ ತರಬೇಕಾ? ಅವರು ಫೋನೇ ಎತ್ತಲ್ಲ.
ಇನ್ನೊಂದು ವಿಷ್ಯ, ಭಾವ ಆಟೋ ಓಡಿಸ್ತಾರೆ, ಮೇನಲ್ಲಿ ಸಿಎಂ ಹೇಳಿದ್ರಲ್ಲ ಲಾಕ್‌ಡೌನ್ ಪರಿಹಾರ 5000, ಅದಕ್ಕೆ ಸರ್ಕಾರದ ಸೇವಾ ಸಿಂಧು ಸೈಟ್‌ನಲ್ಲಿ ಅರ್ಜಿ ಹಾಕಿದ್ರು, ಓಕೆ ಆಗಿದೆ ಅಂತ ಮೆಸೇಜ್ ಬಂತು, ದುಡ್ಡು ಮಾತ್ರ ಇವತ್ತಿಗೂ ಕಣ್ಣಿಗೆ ಬಿದ್ದಿಲ್ಲ.

ಪೇರೋಲ್_ಪುರಾಣ:
ನಿಜ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ, 2018ರಿಂದ ಇದೆ, ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಮುಂಚೆ ಸರಾಸರಿ ದಿನಗೂಲಿಯ 25 ಪರ್ಸೆಂಟ್ ಕೊಡ್ತಿದ್ರು, ಈಗ ಮಾರ್ಚ್ 24ರಿಂದ ಡಿಸೆಂಬರ್ 31ರ ಒಳಗೆ ಕೆಲಸ ಹೋದವರಿಗೆ 50 ಮಾಡಿದಾರೆ. ಗರಿಷ್ಠ 90 ದಿನ, ಜೀವಮಾನದಲ್ಲಿ ಒಂದೇ ಸಲ. ನಿಮ್ಮಕ್ಕನಿಗೆ ದಿನಕ್ಕೆ ಸರಾಸರಿ 340 ಅಂತ ಇಟ್ಕೊಂಡ್ರೆ ಅರ್ಧ 170, ಒಟ್ಟು 15,300 ಬರಬೇಕು.
ಕಂಡೀಷನ್ ಏನಪ್ಪ ಅಂದ್ರೆ ಕೆಲಸ ಹೋಗೋ ಮುಂಚೆ ಎರಡು ವರ್ಷ ಇಎಸ್‌ಐನಲ್ಲಿ ಇರಬೇಕು, ಕೊನೇ ಆರು ತಿಂಗಳ ಪೀರಿಯಡ್ ಇರತ್ತಲ್ಲ, ಇವರಿಗೆ ಅದು 2019 ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಅದರಲ್ಲಿ 78 ದಿನ ದುಡ್ಡು ಕಟ್ಟಿರಬೇಕು, ಅದರ ಹಿಂದಿನ ಮೂರರಲ್ಲಿ ಯಾವುದಾದ್ರೂ ಒಂದರಲ್ಲೂ 78 ದಿನ. ನಾಲ್ಕು ವರ್ಷ ರೆಗ್ಯುಲರ್ ಆಗಿ ಹೋಗಿದ್ರೆ ಇದು ಸಮಸ್ಯೆನೇ ಅಲ್ಲ. ಫ್ಯಾಕ್ಟರಿ ಬಾಗಿಲಿಗೂ ಹೋಗೋದ್ ಬೇಡ, ಇಎಸ್‌ಐಸಿ ಸೈಟ್‌ನಲ್ಲಿ ಇನ್ಶೂರೆನ್ಸ್ ನಂಬರ್ ಹಾಕಿ ನೇರವಾಗಿ ಕ್ಲೇಮ್ ಮಾಡಬಹುದು, ಆಧಾರ್ ಮತ್ತೆ ಪಾಸ್‌ಬುಕ್ ಅಪ್‌ಲೋಡ್ ಮಾಡಿ. ಮುಂಚೆ ಸ್ಟ್ಯಾಂಪ್ ಪೇಪರ್ ಅಫಿಡವಿಟ್ ಕೇಳ್ತಿದ್ರು, ನವೆಂಬರ್‌ನಲ್ಲಿ ತೆಗೆದುಹಾಕಿದಾರೆ, ಇನ್ನೂ ಬೇಕು ಅಂತ ಸೈಬರ್ ಸೆಂಟರ್‌ನವರು ದುಡ್ಡು ಕಿತ್ತರೆ ಕೊಡಬೇಡಿ.

ಕೆಂಪುಬಾವುಟ_ಪಕ್ಕದ್ಮನೆ:
ಪೇರೋಲ್ ಸರ್ ಹೇಳಿದ್ದು ಸರಿ, ಆದ್ರೆ ಎಲ್ಲರೂ ಆ ಸೈನ್ ವಿಷ್ಯ ದಾಟ್ಕೊಂಡು ಹೋಗ್ತಿದೀರಲ್ಲ. ಆ ಇಂಗ್ಲಿಷ್ ಪೇಪರ್ 99 ಪರ್ಸೆಂಟ್ ರಾಜೀನಾಮೆನೇ. ತಾನಾಗೇ ಕೆಲಸ ಬಿಟ್ಟೋರಿಗೆ ಈ ಸ್ಕೀಮ್ ಇಲ್ಲ. ಅದೂ ಅಲ್ದೆ ಲೈನ್ ಮುಚ್ಚಿ ತೆಗೆದಿದೀವಿ ಅಂತ ಕಂಪನಿ ಬರೆದುಕೊಟ್ಟಿದ್ರೆ ಇಎಸ್‌ಐನಲ್ಲೇ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ ಅಂತ ಇನ್ನೊಂದಿದೆ, 2005ರಿಂದ, ಅದರಲ್ಲಿ ಮೊದಲನೇ ವರ್ಷ ಪೂರ್ತಿ 50 ಪರ್ಸೆಂಟ್, ಎರಡನೇ ವರ್ಷ 25. ಜೊತೆಗೆ ಸರ್ವಿಸ್‌ನ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಪರಿಹಾರ ಕಂಪನಿ ಕೊಡಬೇಕು. ಒಂದು ಸೈನ್‌ನಲ್ಲಿ ಇಷ್ಟೂ ಉಳಿಸಿಕೊಂಡ್ರು ಅವರು. ಅಕ್ಕನ ಹತ್ರ ಪೇಪರ್ ಕಾಪಿ ಇದೆಯಾ? ಅವತ್ತೇ ಎಷ್ಟು ಜನಕ್ಕೆ ಸೈನ್ ಹಾಕಿಸಿದ್ರು? ಒಂದೇ ದಿನ ಇಡೀ ಲೈನ್ ರಾಜೀನಾಮೆ ಕೊಡ್ತು ಅಂದ್ರೆ ಯಾರ್ ನಂಬ್ತಾರೆ, ಅವರೆಲ್ಲ ಸೇರಿ ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಕೊಡಿ.

ಮಾಗಡಿರೋಡ್_ಹುಡ್ಗ:
ಕಾಪಿ ಕೊಟ್ಟಿಲ್ಲ ಸರ್. ಅವತ್ತು ಲೈನ್‌ನವರೆಲ್ಲ ಸಾಲಾಗಿ ನಿಂತು ಹಾಕಿದ್ರಂತೆ, ಹಾಕಿದ್ರೇನೇ ಏಪ್ರಿಲ್ ಸಂಬಳದ್ದು ಬಾಕಿ ಅಕೌಂಟಿಗೆ ಬೀಳತ್ತೆ ಅಂದಿದ್ರಂತೆ. ಅವಳ ಜೊತೆ ಕೂರ್ತಿದ್ದ ನಾಲ್ಕೈದು ಜನದ ನಂಬರ್ ಇದೆ, ಮಾತಾಡ್ತೀನಿ.

ಮಗ್ಗದ_ಸಪ್ಪಳ:
ನಿಮಗ ಸ್ಲಿಪ್ ಆದ್ರೂ ಐತ್ರಿ. ನಾವು ರಬಕವಿ ಕಡೆಯವ್ರು, ಪವರ್‌ಲೂಮ್ ಕೂಲಿ. ಸ್ಲಿಪ್ ಇಲ್ಲ, ಇಎಸ್‌ಐ ಇಲ್ಲ, ಸರ್ಕಾರದವ್ರು ಒಂದ್ ಸಲ 2000 ಅಂದ್ರು, ಮಗ್ಗ ನಿಂತಿದ್ದು ಎಷ್ಟ್ ದಿನ ಅಂತ ಯಾರೂ ಕೇಳಲಿಲ್ಲ. ನಮ್ಮನಿಯವಳ ಜನಧನ್ ಖಾತೆಗೆ ತಿಂಗಳಿಗೆ 500ರಂಗ ಮೂರ್ ತಿಂಗಳ ಬಂತು, ಖರೇ ಹೇಳ್ಬೇಕಂದ್ರ ಯಾವ ಅರ್ಜಿನೂ ಹಾಕದ ಬಂದಿದ್ದು ಅದೊಂದ ನೋಡ್ರಿ.

ಜಯನಗರ_4ನೇಬ್ಲಾಕ್:
ಅರ್ಜಿ ಹಾಕೋಕೂ ಲಿಸ್ಟಲ್ಲಿ ಹೆಸರಿರಬೇಕಲ್ಲ. ರಾಜ್ಯ ಸರ್ಕಾರದ ಮೇ ಪರಿಹಾರ ಪ್ಯಾಕೇಜ್ 1610 ಕೋಟಿ, ಕ್ಷೌರಿಕರು, ಮಡಿವಾಳರು, ಆಟೋ ಟ್ಯಾಕ್ಸಿಯವರು, ಕಟ್ಟಡ ಕಾರ್ಮಿಕರು, ಹೂವಿನ ರೈತರು ಎಲ್ಲ ಇದ್ರು, ಮನೆಕೆಲಸದವರು ಇರಲೇ ಇಲ್ಲ. ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಬರಬೇಡಿ ಅಂತ ಗೇಟಲ್ಲಿ ವಾಪಸ್ ಕಳಿಸಿ, ಸಂಬಳಾನೂ ಕೊಡದೆ ಇದ್ದವರು ಬೇಕಾದಷ್ಟು ಜನ. ಹೋಗ್ಲಿ ಬಿಡಿ, ಟಾಪಿಕ್ ಬೇರೆ ಆಗತ್ತೆ.

ಸೈಬರ್_ಶಾಪ್_ಚನ್ನಪಟ್ಣ:
ಭಾವನ 5000 ಬಗ್ಗೆ. ನೂರಾರು ಜನದ್ದು ನೋಡಿದೀನಿ, ಓಕೆ ಅಂತ ಬಂದು ದುಡ್ಡು ಬಂದಿಲ್ಲ ಅಂದ್ರೆ ಮೊದಲು ನೋಡಬೇಕಾದ್ದು ಆಧಾರ್ ಯಾವ ಬ್ಯಾಂಕಿಗೆ ಲಿಂಕ್ ಆಗಿದೆ ಅಂತ. ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ನೇರವಾಗಿ ಖಾತೆಗೆ ಹಾಕೋದು, ನೀವು ದಿನಾ ಬಳಸೋ ಅಕೌಂಟಿಗೆ ಬರಲ್ಲ, ಕೊನೇಲಿ ಯಾವ ಬ್ಯಾಂಕಲ್ಲಿ ಆಧಾರ್ ಸೀಡ್ ಮಾಡಿಸಿದ್ರೋ ಅಲ್ಲಿಗೆ ಹೋಗಿ ಕೂತಿರತ್ತೆ. ಗ್ಯಾಸ್ ಸಬ್ಸಿಡಿಗೋ ಜನಧನ್‌ಗೋ ಯಾವತ್ತೋ ಓಪನ್ ಮಾಡಿ ಮರೆತಿರ್ತಾರೆ. ಆಧಾರ್ ಸೈಟ್‌ನಲ್ಲಿ ಬ್ಯಾಂಕ್ ಲಿಂಕಿಂಗ್ ಸ್ಟೇಟಸ್ ಅಂತಿದೆ, ಓಟಿಪಿ ಹಾಕಿದ್ರೆ ಬ್ಯಾಂಕ್ ಹೆಸರು ತೋರಿಸತ್ತೆ, ಆ ಪಾಸ್‌ಬುಕ್ ಹುಡುಕಿ ಎಂಟ್ರಿ ಮಾಡಿಸಿ.
ಅಕ್ಕನ ಕ್ಲೇಮ್‌ಗೂ ಒಂದು ಮಾತು. ಸಿಂಡಿಕೇಟ್ ಅಥವಾ ಕಾರ್ಪೊರೇಷನ್ ಬ್ಯಾಂಕ್ ಪಾಸ್‌ಬುಕ್ ಆಗಿದ್ರೆ ಅದು ಏಪ್ರಿಲ್‌ನಿಂದ ಕೆನರಾ, ಯೂನಿಯನ್ ಬ್ಯಾಂಕಿಗೆ ಸೇರಿದೆ, ಹಳೇ ಐಎಫ್‌ಎಸ್‌ಸಿ ಹಾಕೋ ಮುಂಚೆ ಬ್ರಾಂಚಲ್ಲಿ ಒಂದು ಮಾತು ಕೇಳಿ, ಇಲ್ಲಾಂದ್ರೆ ಎಲ್ಲ ಸರಿಯಿದ್ದೂ ಅದೊಂದಕ್ಕೆ ಸಿಕ್ಕಾಕೊಳ್ಳತ್ತೆ.