ವಿಶ್ವವಿದ್ಯಾಲಯಕ್ಕೆ ಕೊಡುವ ದತ್ತಿಗೆ ಷರತ್ತು ಹಾಕಬಹುದೇ?

ಪ್ರಶ್ನೆ:
ಒಂದೇ ವಿದ್ಯಾರ್ಥಿನಿಲಯದಲ್ಲಿದ್ದ ನಾವು ಹದಿನಾಲ್ಕು ಗೆಳತಿಯರು ಓದಿದ ವಿಶ್ವವಿದ್ಯಾಲಯದಲ್ಲಿ ನಮ್ಮ ಗುರುಗಳ ಹೆಸರಿನಲ್ಲಿ ದತ್ತಿ ಇಡಬೇಕೆಂದಿದ್ದೇವೆ. ಹಿಂದೆ ಇಟ್ಟಿದ್ದ ಚಿನ್ನದ ಪದಕದ ದತ್ತಿಯ ಬಡ್ಡಿ ಈಗ ಚಿನ್ನದ ಲೇಪನಕ್ಕೂ ಸಾಲದೆ, ಘಟಿಕೋತ್ಸವದ ಪಟ್ಟಿಯಲ್ಲಿ ಹೆಸರಷ್ಟೇ ಉಳಿದಿದೆ. ಆದ್ದರಿಂದ ಈ ಸಲದ ಹಣ ಸಂಶೋಧನೆ ಮಾಡುವ ಹೆಣ್ಣುಮಕ್ಕಳಿಗೇ ಸಲ್ಲಬೇಕೆಂದು ಬರೆಸಿಕೊಳ್ಳುವ ಮನಸ್ಸಿದೆ. ಕೊಟ್ಟ ಮೇಲೆ ಕೇಳಬಾರದು ಎನ್ನುವ ಹಿರಿಯರೂ ಇದ್ದಾರೆ. ತಿಳಿದವರು ಹೇಳಬೇಕು.

ಉತ್ತರ 1:
ಧಾರಾಳವಾಗಿ ಹಾಕಬಹುದು, ಮೇಡಂ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಬಾಗಿಲು ತೆರೆದದ್ದೇ ಅಂಥ ಷರತ್ತಿನ ಮೇಲೆ. ಮೂಲನಿಧಿಯನ್ನು ರೈಲ್ವೆ ಷೇರುಗಳಲ್ಲಿ ತೊಡಗಿಸಿ ಆದಾಯ ಬತ್ತಿದ್ದರಿಂದ, 1889ರಲ್ಲಿ ಆಸ್ಪತ್ರೆ ಆರಂಭವಾದರೂ ಶಾಲೆಗೆ ಹಣವಿರಲಿಲ್ಲ. ಆಗ ಮೇರಿ ಗ್ಯಾರೆಟ್, ಮಾರ್ತಾ ಕೇರಿ ಥಾಮಸ್ ಮೊದಲಾದ ಐವರು ಗೆಳತಿಯರು (ಅವರಲ್ಲಿ ನಾಲ್ವರು ಅಲ್ಲಿನ ಧರ್ಮದರ್ಶಿಗಳ ಮಕ್ಕಳು) ಬೇರೆ ಬೇರೆ ನಗರಗಳಲ್ಲಿ ಮಹಿಳಾ ಸಮಿತಿಗಳನ್ನು ಕಟ್ಟಿ, 1890ರಲ್ಲಿ ಒಂದು ಲಕ್ಷ ಡಾಲರ್ ಮುಂದಿಟ್ಟು, ಗಂಡಸರಿಗಿರುವ ನಿಯಮದಂತೆಯೇ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದರು. ಆಡಳಿತ ಮಂಡಳಿ ಒಪ್ಪಿತು, ಆದರೆ ಐದು ಲಕ್ಷ ಕೂಡುವವರೆಗೆ ಶಾಲೆ ತೆರೆಯುವುದಿಲ್ಲವೆಂದಿತು. ಮತ್ತಷ್ಟು ಹಣ ಕೂಡಿದ ಮೇಲೂ ಉಳಿದ ಕೊರತೆಯನ್ನು ಗ್ಯಾರೆಟ್ ಒಬ್ಬರೇ 3,06,977 ಡಾಲರ್ ಕೊಟ್ಟು ತುಂಬಿದರು. 1893ರಲ್ಲಿ ಸೇರಿದ ಮೊದಲ ತಂಡದ 18 ಮಂದಿಯಲ್ಲಿ ಮೂವರು ಹೆಂಗಸರಿದ್ದರು.

ಉತ್ತರ 2:
ಗ್ಯಾರೆಟ್ ಅವರ ಇನ್ನೊಂದು ಷರತ್ತನ್ನೂ ನೆನೆಯಬೇಕು. ಸೇರುವವರು ಗಂಡಾಗಲಿ ಹೆಣ್ಣಾಗಲಿ ಪದವಿ ಪಡೆದಿರಬೇಕು, ಫ್ರೆಂಚ್ ಮತ್ತು ಜರ್ಮನ್ ಬಲ್ಲವರಾಗಿರಬೇಕು ಎಂದು ಅವರು ಪಟ್ಟು ಹಿಡಿದರು. ಪದವಿಯನ್ನೇ ಕೇಳದ ವೈದ್ಯಕೀಯ ಶಾಲೆಗಳು ಅಮೆರಿಕದಲ್ಲಿ ತುಂಬಿದ್ದ ಕಾಲವದು. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಮುಂದಾಳ್ತನ ಇರುವುದು ಇಲ್ಲಿಯೇ, ಏಕೆಂದರೆ ಇದರಿಂದ ಇಡೀ ಶಾಲೆಯ ಮಟ್ಟ ಏರಿತು. ಆದರೆ ಷರತ್ತು ನಿಯಮದ ರೂಪದಲ್ಲಿರಲಿ, ವ್ಯಕ್ತಿಯ ಆಯ್ಕೆಗೆ ಕೈ ಹಾಕುವುದು ಬೇಡ. ನಾನಿದ್ದ ಆಯ್ಕೆ ಸಮಿತಿಯೊಂದಕ್ಕೆ ದಾನಿಯ ಮನೆಯವರಿಂದ ಅಭ್ಯರ್ಥಿಯ ಹೆಸರು ಬರೆದ ಚೀಟಿಯೇ ಬಂದಿತ್ತು. ಅಂದಿನ ಮುಜುಗರವನ್ನು ಮರೆಯಲಾರೆ.

ಉತ್ತರ 3:
ಅಲಿಗಢವನ್ನೂ ನೋಡಿ. ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ನೆರವಾಗಿದ್ದ ಭೋಪಾಲದ ಬೇಗಂ ಸುಲ್ತಾನ್ ಜಹಾನ್ ಅವರೇ 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದರು. ತಮ್ಮ ದತ್ತಿಯ ಸಮಿತಿಯಲ್ಲಿಯೂ ಇಬ್ಬರು ಮಹಿಳಾ ಪ್ರಾಧ್ಯಾಪಕರಾದರೂ ಇರಬೇಕೆಂದು ಕೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಅಸಲನ್ನು ಮುಟ್ಟಬಾರದು, ಬಡ್ಡಿಯ ಒಂದು ಭಾಗವನ್ನು ವರ್ಷವರ್ಷವೂ ಅಸಲಿಗೇ ಸೇರಿಸಬೇಕು, ಆಯ್ಕೆಯನ್ನು ಸಮಿತಿಯೇ ಮಾಡಬೇಕು ಎಂದು ಕರಾರುಪತ್ರದ ಕರಡಿನಲ್ಲಿ ಬರೆದಿದ್ದೇವೆ. ಮುಂದಿನ ವಾರ ಅದನ್ನು ಕುಲಸಚಿವರ ಕಚೇರಿಗೆ ಒಯ್ಯುತ್ತೇವೆ.