ಡಿಎಸ್‌ಸಿಯಲ್ಲಿ ಹೈಡ್ರಾಕ್ಸಿಲಮೈನ್‌ನ ಎಕ್ಸೋಥರ್ಮ್ ಕಾಣುತ್ತಿಲ್ಲ, ಯಾಕೆ?

ಪ್ರೊಸೆಸ್_ಬೀದರ್:
ಎಲ್ಲರಿಗೂ ನಮಸ್ಕಾರ. ಆಕ್ಸೈಮ್ ಎಂಬ ರಾಸಾಯನಿಕದ ತಯಾರಿಕೆಗೆ ನೀರಿನಲ್ಲಿ ಶೇ. 50ರ ಹೈಡ್ರಾಕ್ಸಿಲಮೈನ್ ಬಳಸಬೇಕಿದೆ. ಮೊದಲು ಡಿಎಸ್‌ಸಿ (ಸ್ಯಾಂಪಲ್ ಬಿಸಿ ಮಾಡುತ್ತಾ ಅದು ಹೀರುವ, ಹೊರಬಿಡುವ ಶಾಖ ಅಳೆಯುವ ಪರೀಕ್ಷೆ) ಹಾಕಿದೆ. ಅಲ್ಯುಮಿನಿಯಂ ಪ್ಯಾನ್, ಮುಚ್ಚಳದಲ್ಲಿ ಸೂಜಿತೂತು, 4.2 ಮಿಲಿಗ್ರಾಂ, ನಿಮಿಷಕ್ಕೆ 10 ಡಿಗ್ರಿ, 300 ಡಿಗ್ರಿವರೆಗೆ. 100ರ ಆಸುಪಾಸಿನಲ್ಲಿ ಒಂದು ದೊಡ್ಡ ಹಳ್ಳ, ಆಮೇಲೆ ಗೆರೆ ನೇರ. ಶಾಖ ಹೊರಬಿಡುವ ಗುಡ್ಡೆ, ಅಂದರೆ ಎಕ್ಸೋಥರ್ಮ್, ಎಲ್ಲೂ ಇಲ್ಲ. ಕರಗುವ ತಾಪ ಗೊತ್ತಿರುವ ಇಂಡಿಯಂ ಲೋಹ ಹಾಕಿ ನೋಡಿದೆ, 156.6ಕ್ಕೆ ಸರಿಯಾಗಿ ಕರಗಿತು. ಯಂತ್ರ ಸರಿಯಿದೆ. ‘ಅಪಾಯವಿಲ್ಲ’ ಅಂತ ವರದಿ ಬರೆಯಲು ಹೇಳುತ್ತಿದ್ದಾರೆ. ನನಗೆ ಕೈ ಓಡುತ್ತಿಲ್ಲ.

ಶಾಖ_ಮಾಪಕ:
ದಯವಿಟ್ಟು ಬರೆಯಬೇಡಿ. ಆ ಪ್ಯಾನ್ ಇನ್ನೂ ಇದ್ದರೆ ಒಮ್ಮೆ ತೂಗಿ.

ಪ್ರೊಸೆಸ್_ಬೀದರ್:
ತೂಗಿದೆ ಸರ್. ಖಾಲಿ ಪ್ಯಾನ್‌ಗಿಂತ 0.1 ಮಿಲಿಗ್ರಾಂ ಜಾಸ್ತಿ, ಅಷ್ಟೇ.

ಶಾಖ_ಮಾಪಕ:
ಹಾಗಾದರೆ ಒಡೆಯಲು (ವಿಘಟನೆಯಾಗಲು) ಒಳಗೆ ಏನೂ ಉಳಿದೇ ಇರಲಿಲ್ಲ. ದ್ರಾವಣ ಆ ತೂತಿನಿಂದ ಆವಿಯಾಗಿ ಹೋಯಿತು. ನೀವು ಅಳೆದದ್ದು ಆವಿಯಾಗಲು ಬೇಕಾದ ಶಾಖವನ್ನು. ಮುಚ್ಚಿದ ರಿಯಾಕ್ಟರ್‌ನಲ್ಲಿ ಅದು ಹಾಗೆ ಹೊರಗೆ ಹೋಗೋದಿಲ್ಲ ಅಲ್ವಾ?

ಒಳಗೆ ಚಿನ್ನದ ಲೇಪನವಿರುವ, ಹೆಚ್ಚಿನ ಒತ್ತಡ ತಡೆಯುವ ಮುಚ್ಚಿದ ಕ್ರೂಸಿಬಲ್ ಬಳಸಿ. 2 ಮಿಲಿಗ್ರಾಂ ಸಾಕು, ಗ್ಯಾಸ್ ಜಾಸ್ತಿ ಬರುತ್ತದೆ. ಕ್ರೂಸಿಬಲ್ ಎಷ್ಟು ಒತ್ತಡ ತಡೆಯುತ್ತದೆ ಅನ್ನೋದನ್ನು ಮೊದಲೇ ಲೆಕ್ಕ ಹಾಕಿ. ಬರಿಯ ಸ್ಟೀಲ್ ಬೇಡ. ಕಬ್ಬಿಣದ ಅಯಾನ್ ಚೂರು ಇದ್ದರೂ ಹೈಡ್ರಾಕ್ಸಿಲಮೈನ್ ಬೇಗ ಒಡೆಯುತ್ತದೆ.

ಇದನ್ನು ಒತ್ತಿ ಹೇಳೋದಕ್ಕೆ ಕಾರಣ ಇದೆ. 1999ರ ಫೆಬ್ರವರಿ 19ರಂದು ಅಮೆರಿಕದ ಅಲೆಂಟೌನ್ ಬಳಿ ಕಾನ್ಸೆಪ್ಟ್ ಸೈನ್ಸಸ್ ಘಟಕದಲ್ಲಿ ಇದೇ ಪದಾರ್ಥವನ್ನು ಬಟ್ಟಿ ಇಳಿಸುವಾಗ ಸ್ಫೋಟವಾಯಿತು. 5 ಜನ ಸತ್ತರು. ಮರುವರ್ಷ ಜೂನ್‌ನಲ್ಲಿ ಜಪಾನಿನ ಗುನ್ಮಾದಲ್ಲಿ ಮತ್ತೆ 4 ಜನ.

ಪ್ರೊಸೆಸ್_ಬೀದರ್:
ಚಿನ್ನದ ಕ್ರೂಸಿಬಲ್‌ನಲ್ಲಿ ಹಾಕಿದೆ. ಗುಡ್ಡೆ ಅಲ್ಲ, ಗೋಪುರವೇ ಬಂತು! ತುಕ್ಕಿನ ಒಂದು ಕಣ ಸೇರಿಸಿ ಇನ್ನೊಂದು ರನ್ ಮಾಡಿದರೆ ಅದೇ ಏರಿಕೆ ಎಷ್ಟೋ ಮುಂಚೆಯೇ ಶುರುವಾಯಿತು. ಈಗ ಶುರುವಾಗುವ ತಾಪದಿಂದ 100 ಡಿಗ್ರಿ ಕಳೆದು ಸುರಕ್ಷಿತ ಅನ್ನಬಹುದಾ?

ಶಾಖ_ಮಾಪಕ:
ಬೇಡ. ನಿಮಿಷಕ್ಕೆ 10 ಡಿಗ್ರಿ ಓಡಿಸಿದರೆ ನಿಧಾನವಾದ ಒಡೆತ ಕಣ್ಣಿಗೆ ಬೀಳೋದಿಲ್ಲ. ಅದರಲ್ಲೂ ತುಕ್ಕಿನಂಥ ವೇಗವರ್ಧಕ ಇರುವ ಕಡೆ ಆ 100ರ ಲೆಕ್ಕ ನಂಬೋ ಹಾಗಿಲ್ಲ. ಎಆರ್‌ಸಿ (ಸ್ಯಾಂಪಲ್ ತಾನಾಗಿಯೇ ಬಿಸಿಯಾಗುವುದನ್ನು ಅಳೆಯುವ ಯಂತ್ರ) ಇರುವ ಲ್ಯಾಬಿಗೆ ಕೊಡಿ. ಅದು 5 ಡಿಗ್ರಿ ಏರಿಸಿ ಕಾಯುತ್ತದೆ, ಸ್ಯಾಂಪಲ್ ತಾನಾಗಿಯೇ ನಿಮಿಷಕ್ಕೆ 0.02 ಡಿಗ್ರಿಯಷ್ಟು ಬಿಸಿಯಾದರೂ ಹಿಡಿಯುತ್ತದೆ. ಸ್ಯಾಂಪಲ್ ಪಾತ್ರೆ ಗಾಜಿನದಿರಲಿ.

ಫಲಿತಾಂಶದ ಜೊತೆ ಫೈ ಅಂಶ ಕೇಳಲು ಮರೆಯಬೇಡಿ. ಬಂದ ಶಾಖದಲ್ಲಿ ಪಾತ್ರೆಯೂ ಪಾಲು ತಿನ್ನುತ್ತದೆ. ಫೈ 2 ಇದ್ದರೆ ಅರ್ಧ ಶಾಖ ಪಾತ್ರೆಗೇ ಹೋಯಿತು ಅಂತ ಅರ್ಥ. ದೊಡ್ಡ ರಿಯಾಕ್ಟರ್‌ನಲ್ಲಿ ಫೈ 1ರ ಹತ್ತಿರ ಇರುತ್ತದೆ. ಅಲ್ಲಿ ತಾಪ ಇನ್ನೂ ಜೋರಾಗಿ ಏರುತ್ತದೆ.

ಪ್ರೊಸೆಸ್_ಬೀದರ್:
ತುಂಬಾ ಧನ್ಯವಾದ ಸರ್. ಇವತ್ತು ಪ್ಲಾಂಟ್ ಸುತ್ತಿ ಬಂದೆ. ಡ್ರಮ್‌ನಿಂದ ರಿಯಾಕ್ಟರ್‌ಗೆ ಹೋಗುವ ಪೈಪ್ ಎಂಎಸ್‌ದು (ಮೈಲ್ಡ್ ಸ್ಟೀಲ್), ಫ್ಲಾಂಜ್ ಬಳಿ ತುಕ್ಕು ಕೈಗೆ ಮೆತ್ತಿಕೊಂಡಿತು. ಪೈಪ್ ಬದಲಿಸಿ, ಎಆರ್‌ಸಿ ಫಲಿತಾಂಶ ಬರುವವರೆಗೆ ಬ್ಯಾಚ್ ಹಾಕಬಾರದು ಅಂತ ಬರೆದುಕೊಟ್ಟಿದ್ದೇನೆ.